ಐದಕ್ಕೆ ಮೂರು

ವಿಡಿಯೊ ಗೇಮ್ ವಿಮರ್ಶೆ ಮಾಡುವ ಟೀವಿ ಕಾರ್ಯಕ್ರಮದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದ ಭಾಗ ಒಂದೇ ಒಂದು: ವಿಮರ್ಶೆ. ಎಲ್ಲರೂ ಕಾದು ಕೂತಿರುವುದು ಕೊನೆಯ ಐದು ಸೆಕೆಂಡಿಗೆ. ಆಗ ಪರದೆಯ ಮೇಲೆ ಧಡ್ ಎಂದು ಒಂದು ಅಂಕಿ ಬೀಳುತ್ತದೆ. ಅಂಕಿ ಮನಸ್ಸಿಗೆ ಬಂದದ್ದಾದರೆ ನಿರೂಪಕರು ಬುದ್ಧಿವಂತರು. ಬಾರದ್ದಾದರೆ ಲಂಚ ತಿಂದವರು. ಈ ಎರಡರ ನಡುವೆ ಮೂರನೆಯ ಜಾತಿ ಇಲ್ಲ.

ಈ ಕಸುಬನ್ನು ಬಹಳ ಕಾಲ ಮಾಡಿ, ಬಹಳ ಬೈಗುಳ ತಿಂದ ಜೋಡಿ ಅಮೆರಿಕದ ಆಡಮ್ ಸೆಸ್ಲರ್ ಮತ್ತು ಮಾರ್ಗನ್ ವೆಬ್. ಕಾರ್ಯಕ್ರಮದ ಹೆಸರು ಎಕ್ಸ್-ಪ್ಲೇ. ಹುಟ್ಟಿದ್ದು 1998ರಲ್ಲಿ, ಝಡ್‌ಡಿ ಟೀವಿಯಲ್ಲಿ, ಗೇಮ್‌ಸ್ಪಾಟ್ ಟೀವಿ ಎಂಬ ಹೆಸರಿನಲ್ಲಿ. ಆಮೇಲೆ ಎಕ್ಸ್‌ಟೆಂಡೆಡ್ ಪ್ಲೇ ಆಯಿತು. 2003ರಲ್ಲಿ ವೆಬ್ ಬಂದು ಸೇರಿಕೊಂಡ ಮೇಲೆ ಎಕ್ಸ್-ಪ್ಲೇ. ಮರುವರ್ಷ ಕಾಮ್‌ಕಾಸ್ಟ್ ಕಂಪನಿ ಆ ಚಾನೆಲ್ಲನ್ನೇ ಕೊಂಡು ತನ್ನ ಜಿ4 ಚಾನೆಲ್ಲಿಗೆ ಸೇರಿಸಿ, ಸ್ಯಾನ್‌ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ಗೆ ಗುಳೆ ಎಬ್ಬಿಸಿತು. ದಾರಿಯಲ್ಲಿ ಬಹಳ ಜನರ ನೌಕರಿ ಉದುರಿತು. ಉಳಿದವರು ತಮಾಷೆ ಮುಂದುವರಿಸಿದರು. ತಮಾಷೆ ಎಂದರೆ ನಿಜವಾಗಿಯೂ ತಮಾಷೆ: ನಡುನಡುವೆ ಕಿರುಪ್ರಹಸನ, ಜೆಲ್ಡಾ ಆಟದ ವೀರ ಲಿಂಕ್ ಕುಡಿದು ತೂರಾಡುವ ವೇಷ, ಮತ್ತು ಕಳಪೆ ಆಟ ಸಿಕ್ಕ ದಿನ ಹಬ್ಬದೂಟ. ಒಳ್ಳೆಯ ಆಟವನ್ನು ಹೊಗಳುವಾಗ ಎಲ್ಲ ವಿಮರ್ಶಕರ ಭಾಷೆಯೂ ಒಂದೇ. ಕೆಟ್ಟದ್ದನ್ನು ಬೈಯುವಾಗಲೇ ಪ್ರತಿಭೆ ಹೊರಬರುವುದು. ಇದು ಅವರಿಗೂ ಗೊತ್ತಿತ್ತು, ನೋಡುವವರಿಗೂ ಗೊತ್ತಿತ್ತು. ಹಾಗಾಗಿ ಕೆಟ್ಟ ಆಟ ಮಾಡುವ ಕಂಪನಿಗಳು ಮನರಂಜನೆಗೆ ತಮ್ಮ ಕೈಲಾದ ಸೇವೆ ಸಲ್ಲಿಸುತ್ತಲೇ ಇದ್ದವು.

ಇಬ್ಬರೇ ಯಾಕೆ? ಒಬ್ಬರೇ ಕ್ಯಾಮೆರಾ ನೋಡಿ ಮಾತಾಡಿದರೆ ಪ್ರವಚನವಾಗುತ್ತದೆ, ಮೂವರು ಕೂತರೆ ನ್ಯೂಸ್ ಚಾನೆಲ್ಲಿನ ಚರ್ಚೆಯಾಗುತ್ತದೆ. ಇಬ್ಬರಿದ್ದರೆ ಜಗಳದ ಆಸೆ ಇರುತ್ತದೆ. ಈ ಆಸೆಯನ್ನು ಹುಟ್ಟಿಸಿದವರು ಷಿಕಾಗೊದ ಸಿನಿಮಾ ವಿಮರ್ಶಕರಾದ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್. ಒಬ್ಬರು ಟ್ರಿಬ್ಯೂನ್ ಪತ್ರಿಕೆ, ಇನ್ನೊಬ್ಬರು ಸನ್-ಟೈಮ್ಸ್, ಹಾವು ಮುಂಗುಸಿ. 1975ರಿಂದ ಟೀವಿಯಲ್ಲಿ ಅವರು ಆಡಿದ ಜಗಳ ಅಸಲಿ ಜಗಳ. ಎತ್ತಿದ ಎರಡು ಹೆಬ್ಬೆರಳು ಎಂಬ ಮಾತಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡದ್ದೂ ಅವರೇ. ಹೆಬ್ಬೆಟ್ಟಿನ ಮೇಲೆ ಹಕ್ಕು ಪಡೆದ ಮನುಷ್ಯರು ಜಗತ್ತಿನಲ್ಲಿ ಇನ್ನೆಲ್ಲಾದರೂ ಇದ್ದರೆ ಅದು ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ದಾಖಲೆಗಳಲ್ಲಿ ಮಾತ್ರ.

ಗೇಮ್ ಕಾರ್ಯಕ್ರಮಗಳು ಆ ಇಬ್ಬರನ್ನು ತೆಗೆದುಕೊಂಡವು, ಜಗಳವನ್ನು ಬಿಟ್ಟವು. ಆಸ್ಟ್ರೇಲಿಯಾದ ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿ 2006ರಿಂದ 2016ರವರೆಗೆ ಗುಡ್ ಗೇಮ್ ಎಂಬ ಕಾರ್ಯಕ್ರಮ ನಡೆಸಿತು. ಅಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. ಒಬ್ಬರು ಎಂಟು ಎಂದರೆ ಇನ್ನೊಬ್ಬರು ಎಂಟೂವರೆ. ಭಿನ್ನಾಭಿಪ್ರಾಯ ಅಷ್ಟೇ, ಅರ್ಧ ಅಂಕ. ನಮ್ಮ ಮನೆಗಳಲ್ಲಿ ಸಾರಿಗೆ ಉಪ್ಪು ಸಾಕೋ ಬೇಕೋ ಎಂಬುದಕ್ಕೂ ಇದಕ್ಕಿಂತ ದೊಡ್ಡ ಸೈದ್ಧಾಂತಿಕ ಬಿಕ್ಕಟ್ಟು ಹುಟ್ಟುತ್ತದೆ. ಕೊನೆಗೆ ಆ ಇಬ್ಬರು ನಿರೂಪಕರೂ ಖಾಸಗಿ ಚಾನೆಲ್ಲಿಗೆ ನಡೆದರು, ಸರ್ಕಾರಿ ಸೋಫಾ ಖಾಲಿಯಾಯಿತು, ಅಲ್ಲಿಗೆ ಗುಡ್ ಗೇಮ್ ಮುಗಿಯಿತು. ಬ್ರಿಟನ್ನಿನವರು ಇವರೆಲ್ಲರಿಗಿಂತ ಮೊದಲು, 1992ರಲ್ಲಿ, ಗೇಮ್ಸ್‌ಮಾಸ್ಟರ್ ಎಂಬುದರಲ್ಲಿ ಖಗೋಳ ವಿಜ್ಞಾನಿ ಪ್ಯಾಟ್ರಿಕ್ ಮೂರ್ ಅವರ ತಲೆಯನ್ನು ಪರದೆಯ ಮೇಲೆ ತೇಲಿಬಿಟ್ಟು, ಆಟ ಗೆಲ್ಲುವ ಕಳ್ಳದಾರಿಗಳನ್ನು ಅವರ ಬಾಯಿಂದ ಹೇಳಿಸಿದ್ದರು. ಚಂದ್ರನ ನಕ್ಷೆ ಬರೆದ ಮಹಾನುಭಾವರು ಯಾವ ಗುಂಡಿ ಒತ್ತಿದರೆ ಯಾವ ಲೆವೆಲ್ ತೆರೆಯುತ್ತದೆ ಎಂದು ಗಂಭೀರವಾಗಿ ಪಠಿಸುತ್ತಿದ್ದರು. ಅದರ ಮುಂದೆ ಅಂಕ ಕೊಡುವವರು ಎಷ್ಟೋ ವಾಸಿ.

ಈಗ ಲೆಕ್ಕಕ್ಕೆ ಬರೋಣ. ಅರ್ಧ ಗಂಟೆಯ ಕಾರ್ಯಕ್ರಮ. ಜಾಹೀರಾತು ಕಳೆದರೆ ಇಪ್ಪತ್ತೆರಡು ನಿಮಿಷ. ಅದರಲ್ಲಿ ಪ್ರಹಸನ, ಮುಂದೆ ಬರಲಿರುವ ಆಟದ ಝಲಕ್, ವೀಕ್ಷಕರ ಪತ್ರ ಕಳೆಯಿರಿ. ಒಂದು ಆಟಕ್ಕೆ ಸಿಗುವುದು ಮೂರೋ ನಾಲ್ಕೋ ನಿಮಿಷ. ಒಂದು ದೊಡ್ಡ ರೋಲ್ ಪ್ಲೇಯಿಂಗ್ ಗೇಮ್ ಆಡಿ ಮುಗಿಸಲು ಅರವತ್ತು, ಎಂಬತ್ತು ಗಂಟೆ ಬೇಕು. ನಿರೂಪಕರು ವಾರವಿಡೀ ಮೇಕಪ್, ಶೂಟಿಂಗ್, ಪ್ರಯಾಣದಲ್ಲಿ ಇರುತ್ತಾರೆ. ಹಾಗಾದರೆ ಆಡಿದವರು ಯಾರು? ಉತ್ತರ ಗುಟ್ಟೇನಲ್ಲ. ಎಕ್ಸ್-ಪ್ಲೇಯ ಎಷ್ಟೋ ವಿಮರ್ಶೆಗಳನ್ನು ಆಡಿ ಬರೆಯುತ್ತಿದ್ದವರು ಸಿಬ್ಬಂದಿ ಬರಹಗಾರರು ಮತ್ತು ಫ್ರೀಲಾನ್ಸ್ ಬರಹಗಾರರು. ಜೋಡಿ ಅದನ್ನು ಓದುತ್ತಿತ್ತು. ಬೆವರು ಒಬ್ಬರದು, ದನಿ ಇನ್ನೊಬ್ಬರದು, ಬೈಗುಳದ ಟಪಾಲು ಮಾತ್ರ ದನಿಯ ವಿಳಾಸಕ್ಕೆ. ಇದರಲ್ಲಿ ಮೋಸ ಏನೂ ಇಲ್ಲ, ಟೀವಿ ಇರುವುದೇ ಹಾಗೆ. ಆದರೆ ನೋಡುವವನು ಮಾತ್ರ ಮಾರ್ಗನ್ ವೆಬ್ ರಾತ್ರಿಯಿಡೀ ಕೂತು ಎಪ್ಪತ್ತು ಗಂಟೆಯ ಜಪಾನಿ ಆಟ ಮುಗಿಸಿ ಬೆಳಗ್ಗೆ ನಗುತ್ತಾ ಕ್ಯಾಮೆರಾ ಮುಂದೆ ನಿಂತಿದ್ದಾರೆ ಎಂದೇ ನಂಬಿದ್ದ. ನಂಬಿಕೆಯೇ ದೇವರು.

ಎಕ್ಸ್-ಪ್ಲೇಯ ಅಂಕ ಪದ್ಧತಿ ಸರಳವಾಗಿತ್ತು. ಒಂದರಿಂದ ಐದು. ಅರ್ಧ, ಮುಕ್ಕಾಲು ಇಲ್ಲ. ಐದು ಎಂದರೆ ಅದ್ಭುತ, ಒಂದು ಎಂದರೆ ಅಂಗಡಿಗೆ ವಾಪಸ್ ಕೊಡಿ, ಮೂರು ಎಂದರೆ ಪರವಾಗಿಲ್ಲ. ಜಗತ್ತಿನ ಬಹುಪಾಲು ವಸ್ತುಗಳಂತೆ ಬಹುಪಾಲು ಆಟಗಳೂ ಪರವಾಗಿಲ್ಲ ಎಂಬ ಮಟ್ಟದವೇ. ಹಾಗಾಗಿ ಮೂರು ಎಂಬುದು ಪ್ರಾಮಾಣಿಕ ಅಂಕಿ. ಆದರೆ ಪ್ರಾಮಾಣಿಕ ಅಂಕಿಗೆ ಗೇಮ್ ಲೋಕದಲ್ಲಿ ಜಾಗವಿಲ್ಲ. ಅಲ್ಲಿ ಹತ್ತರ ಅಳತೆಗೋಲು ಶುರುವಾಗುವುದೇ ಏಳರಿಂದ. ಒಂಬತ್ತು ಎಂದರೆ ಒಳ್ಳೆಯದು, ಎಂಟು ಎಂದರೆ ಏನೋ ಕೊರತೆಯಿದೆ, ಏಳು ಎಂದರೆ ಸತ್ತಂತೆ. ಏಳಕ್ಕಿಂತ ಕೆಳಗಿನ ಅಂಕಿಗಳು ಬರೀ ಅಲಂಕಾರಕ್ಕೆ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದು ತೆಗೆದ ಹುಡುಗ ಓಣಿಗೆಲ್ಲ ಸಿಹಿ ಹಂಚುತ್ತಾನೆ. 625ಕ್ಕೆ 624 ತೆಗೆದ ಹುಡುಗಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುತ್ತಾಳೆ. ಗೇಮ್ ಕಂಪನಿಗಳು ಎಲ್ಲವೂ ಆ ಹುಡುಗಿಯ ಕುಲದವು.

ಇಲ್ಲಿ ಮೆಟಾಕ್ರಿಟಿಕ್ ಎಂಬ ಮಹಾಶಯನ ಪ್ರವೇಶ. ಊರಿನ ಎಲ್ಲ ವಿಮರ್ಶಕರ ಅಂಕಗಳನ್ನು ಒಟ್ಟುಹಾಕಿ, ನೂರಕ್ಕೆ ಇಷ್ಟು ಎಂದು ಸರಾಸರಿ ತೆಗೆದು, 75 ಮತ್ತು ಮೇಲಿದ್ದರೆ ಹಸಿರು, 50ರಿಂದ 74ರವರೆಗೆ ಹಳದಿ, ಅದಕ್ಕೂ ಕೆಳಗಿದ್ದರೆ ಕೆಂಪು ಬಣ್ಣ ಬಳಿಯುವ ವೆಬ್‌ಸೈಟ್. ಎಕ್ಸ್-ಪ್ಲೇಯ ಐದಕ್ಕೆ ಮೂರು ಅಲ್ಲಿಗೆ ಹೋದರೆ ನೂರಕ್ಕೆ ಅರವತ್ತು. ಗಣಿತ ಸರಿಯೇ ಇದೆ, ಮೇಷ್ಟ್ರು ಬೆನ್ನು ತಟ್ಟುವಷ್ಟು ಸರಿ. ಆದರೆ ಬೇರೆಯವರ ಲೋಕದಲ್ಲಿ ಅರವತ್ತು ಎಂದರೆ ಚಟ್ಟ. ಪರವಾಗಿಲ್ಲ ಎಂದು ಹೇಳಿದ ಸೆಸ್ಲರ್ ಬಾಯಿಂದ ಇದು ತೊಲಗಲಿ ಎಂಬ ಮಾತು ಹೊರಟಂತಾಯಿತು. ಅವರಿಗೆ ಸಿಟ್ಟು ಬಂದದ್ದು ಸಹಜ. 2009ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ, ಆಟ ಮಾಡುವವರೇ ತುಂಬಿದ ಸಭೆಯಲ್ಲಿ, ಮೆಟಾಕ್ರಿಟಿಕ್ ಬಗ್ಗೆ ಅವರು ಆಡಿದ ಮಾತನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ವಾರ ಅವರೇ ಮತ್ತೆ ಅಂಕ ಕೊಟ್ಟರು, ಮೆಟಾಕ್ರಿಟಿಕ್ ಮತ್ತೆ ಅದನ್ನು ಇಪ್ಪತ್ತರಿಂದ ಗುಣಿಸಿತು.

ಇದು ಬರೀ ಮಾನದ ಪ್ರಶ್ನೆಯಾಗಿದ್ದರೆ ನಕ್ಕು ಬಿಡಬಹುದಿತ್ತು. ಸಂಬಳದ ಪ್ರಶ್ನೆ. 2010ರ ಅಕ್ಟೋಬರಿನಲ್ಲಿ ಫಾಲ್‌ಔಟ್: ನ್ಯೂ ವೇಗಸ್ ಬಿಡುಗಡೆಯಾಯಿತು. ಕಟ್ಟಿದವರು ಆಬ್ಸಿಡಿಯನ್, ಪ್ರಕಟಿಸಿದವರು ಬೆಥೆಸ್ಡಾ. ಒಪ್ಪಂದ ಏನಪ್ಪಾ ಎಂದರೆ, ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಆಬ್ಸಿಡಿಯನ್‌ಗೆ ಬೋನಸ್. ಬಂದದ್ದು 84. ಒಂದು ಅಂಕ. ಈ ಸಂಗತಿಯನ್ನು ಅದರ ಹಿರಿಯ ವಿನ್ಯಾಸಕ ಕ್ರಿಸ್ ಅವೆಲೋನ್ 2012ರಲ್ಲಿ ಬಾಯಿಬಿಟ್ಟಾಗ ಆ ಸ್ಟುಡಿಯೊದಲ್ಲಿ ಜನರನ್ನು ಮನೆಗೆ ಕಳಿಸುವ ಕೆಲಸ ನಡೆದಿತ್ತು. ಯಾವನೋ ಒಬ್ಬ ವಿಮರ್ಶಕ ಬೆಳಗಿನ ಕಾಫಿ ಸರಿಯಾಗದೆ ಒಂಬತ್ತರ ಬದಲು ಎಂಟು ಹಾಕಿರಬಹುದು. ಇನ್ನೊಬ್ಬ ನಿಜಕ್ಕೂ ನಾಲ್ಕು ಸಲ ಆಟ ಹ್ಯಾಂಗ್ ಆಗಿ ಬೇಸತ್ತಿರಬಹುದು. ಸರಾಸರಿಗೆ ಕಾಫಿಯೂ ಒಂದೇ, ಬಗ್ಗೂ ಒಂದೇ. ಇಂದು ಅದೇ ಆಟವನ್ನು ಆ ಸರಣಿಯಲ್ಲೇ ಶ್ರೇಷ್ಠ ಎನ್ನುವವರು ದಂಡಿಯಾಗಿ ಸಿಗುತ್ತಾರೆ. ಬೋನಸ್ ಕೊಡುವವರು ಮಾತ್ರ ಇನ್ನೂ ಸಿಕ್ಕಿಲ್ಲ.

ಕಂಪನಿಗಳದು ಹೀಗಾದರೆ ಭಕ್ತರದು ಇನ್ನೊಂದು ಕಥೆ. 2006ರಲ್ಲಿ ಜೆಲ್ಡಾ ಸರಣಿಯ ಟ್ವೈಲೈಟ್ ಪ್ರಿನ್ಸೆಸ್‌ಗೆ ಗೇಮ್‌ಸ್ಪಾಟ್ ಎಂಬ ವಿಮರ್ಶಾ ವೆಬ್‌ಸೈಟಿನ ಜೆಫ್ ಗರ್ಸ್ಟ್‌ಮನ್ 8.8 ಕೊಟ್ಟರು. ಕೇಳಿ, ಹತ್ತಕ್ಕೆ ಎಂಟು ದಶಾಂಶ ಎಂಟು. ಅದಕ್ಕೆ ಎದ್ದ ಬೊಬ್ಬೆ ಇವತ್ತಿಗೂ ಗೇಮರ್‌ಗಳ ನಡುವೆ ಗಾದೆಯಾಗಿದೆ. 2017ರಲ್ಲಿ ಅದೇ ಸರಣಿಯ ಬ್ರೆತ್ ಆಫ್ ದ ವೈಲ್ಡ್‌ಗೆ ಬ್ರಿಟಿಷ್ ಮೂಲದ ಒಬ್ಬ ವಿಮರ್ಶಕರು ಏಳು ಕೊಟ್ಟರು. ಸರಾಸರಿ 98ರಿಂದ 97ಕ್ಕೆ ಇಳಿಯಿತು. ಅಭಿಮಾನಿಗಳು ಅವರ ವೆಬ್‌ಸೈಟಿನ ಮೇಲೆ ದಾಳಿ ಮಾಡಿ ಅದನ್ನೇ ಉರುಳಿಸಿದರು. ಗಮನಿಸಬೇಕಾದ ಅಂಶ: ಗಲಾಟೆ ಎದ್ದಾಗ ಆಟ ಅಂಗಡಿಗೆ ಬಂದು ಕೆಲವೇ ದಿನಗಳಾಗಿದ್ದವು. ನೂರು ಗಂಟೆಯ ಆಟವನ್ನು ಮುಗಿಸಿ ಬಂದು ಜಗಳಕ್ಕೆ ನಿಂತವರು ಆ ಗುಂಪಿನಲ್ಲಿ ಎಷ್ಟು ಮಂದಿ ಇದ್ದಾರು? ವಿಮರ್ಶಕ ಪೂರ್ತಿ ಆಡಿಲ್ಲ ಎಂಬುದು ಪೂರ್ತಿ ಆಡದವರ ಮುಖ್ಯ ಆರೋಪ. ಆಡುವುದಕ್ಕೂ ಮೊದಲು ಆಟ ಎಷ್ಟು ಒಳ್ಳೆಯದೆಂದು ಇವರಿಗೆ ಗೊತ್ತಿರುತ್ತದೆ. ವಿಮರ್ಶಕನಿಂದ ಬೇಕಾದದ್ದು ಬರೀ ರಬ್ಬರ್ ಸ್ಟ್ಯಾಂಪು.

ಸ್ಟ್ಯಾಂಪು ಒತ್ತದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅದೇ ಗರ್ಸ್ಟ್‌ಮನ್ ಉದಾಹರಣೆ. 2007ರ ನವೆಂಬರಿನಲ್ಲಿ ಕೇನ್ ಆ್ಯಂಡ್ ಲಿಂಚ್ ಎಂಬ ಆಟಕ್ಕೆ ಅವರು 6.0 ಕೊಟ್ಟರು. ಆ ಹೊತ್ತಿಗೆ ಗೇಮ್‌ಸ್ಪಾಟ್ ಪುಟದ ಮೇಲಿಂದ ಕೆಳಗಿನವರೆಗೆ ಆ ಆಟದ್ದೇ ಜಾಹೀರಾತು. ನಡುವೆ ಬಾವಿಯಲ್ಲಿ ಇಣುಕಿದಂತೆ ವಿಮರ್ಶೆ. ತಿಂಗಳು ಮುಗಿಯುವ ಮುನ್ನ ಅವರ ನೌಕರಿ ಹೋಯಿತು. ಅಂಕಕ್ಕೂ ನೌಕರಿಗೂ ಸಂಬಂಧವಿಲ್ಲ ಎಂದು ಕಂಪನಿ ಆಗ ಹೇಳಿತು. ಇತ್ತು ಎಂದು ಗರ್ಸ್ಟ್‌ಮನ್ ಬಾಯಿಬಿಡುವ ಹೊತ್ತಿಗೆ 2012 ಬಂದಿತ್ತು. ಆ ಹೊತ್ತಿಗೆ ಅವರು ಕಟ್ಟಿದ್ದ ಹೊಸ ತಾಣವನ್ನು ಗೇಮ್‌ಸ್ಪಾಟ್‌ನ ಅಂದಿನ ಒಡೆಯರೇ ಕೊಂಡುಕೊಂಡಿದ್ದರು. ಅತ್ತೆಮನೆಯಿಂದ ಹೊರಹಾಕಿಸಿಕೊಂಡ ಸೊಸೆ ತಾನೇ ಕಟ್ಟಿದ ಮನೆ ಸಮೇತ ವಾಪಸಾದ ಹಾಗೆ ಎಂದು ಬರೆಯಬಹುದಿತ್ತು, ಆದರೆ ಸೊಸೆಯಂದಿರಿಗೆ ಅಷ್ಟು ಅದೃಷ್ಟ ಎಲ್ಲಿದೆ.

ಕಂಪನಿಗಳು ಈಗ ಅಷ್ಟು ಒರಟಾಗಿ ನಡೆದುಕೊಳ್ಳುವುದಿಲ್ಲ, ಕಲಿತಿವೆ. 2020ರ ಡಿಸೆಂಬರಿನಲ್ಲಿ ಸೈಬರ್‌ಪಂಕ್ 2077 ಬಂದಾಗ ವಿಮರ್ಶಕರಿಗೆ ಮುಂಚಿತವಾಗಿ ಕೊಟ್ಟದ್ದು ಪಿಸಿ ಪ್ರತಿ ಮಾತ್ರ. ವಿಡಿಯೊ ವಿಮರ್ಶೆಯಲ್ಲಿ ತೋರಿಸಬೇಕಾದ ದೃಶ್ಯಗಳನ್ನೂ ಕಂಪನಿಯೇ ಕೊಟ್ಟಿತ್ತು. ಅಂಕಗಳು 90ರ ಆಸುಪಾಸಿನಲ್ಲಿ ತೇಲಿದವು. ಬಿಡುಗಡೆಯ ದಿನ ಹಳೆಯ ಪ್ಲೇಸ್ಟೇಷನ್ 4ರಲ್ಲಿ ಹಾಕಿ ನೋಡಿದ ಬಡಪಾಯಿಗಳಿಗೆ ಪಾತ್ರಗಳು ಗೋಡೆಯೊಳಗೆ ಹೊಕ್ಕು ಹೊರಬರುವ ಹೊಸ ಯೋಗಾಸನ ಕಂಡಿತು. ಒಂದು ವಾರ ಕಳೆಯುತ್ತಲೇ ಸೋನಿ ತನ್ನ ಅಂಗಡಿಯಿಂದ ಆಟವನ್ನೇ ತೆಗೆದು, ದುಡ್ಡು ವಾಪಸ್ ಕೊಡುತ್ತೇವೆ ಎಂದಿತು. ಅಂಕ ಕೊಟ್ಟವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ತೋರಿಸಿದ್ದಕ್ಕೆ ಅಂಕ ಕೊಟ್ಟಿದ್ದರು.

ಮಾರ್ಗನ್ ವೆಬ್ ಅವರ ವಿಷಯ ಬೇರೆಯೇ ಹೇಳಬೇಕು. ಸೆಸ್ಲರ್ ತಪ್ಪು ಅಂಕ ಕೊಟ್ಟರೆ ಜನ ಸೆಸ್ಲರ್‌ನ ಅಭಿರುಚಿ ಬೈದರು. ವೆಬ್ ಓದಿದ ಅಂಕ ಒಪ್ಪದಿದ್ದರೆ ಅವರ ಮುಖಕ್ಕೆ, ಮೈಗೆ ಅಂಕ ಹಾಕಿದರು. ಈಕೆ ನಿಜಕ್ಕೂ ಆಡುತ್ತಾಳಾ ಎಂದು ಪರೀಕ್ಷೆ ಇಟ್ಟರು. ಅದೇ ಪರೀಕ್ಷೆ ಗಂಡಸಿಗೆ ಯಾರೂ ಇಡಲಿಲ್ಲ. ಚಾನೆಲ್ಲೂ ಪಾಪದ್ದೇನಲ್ಲ, ಹೆಣ್ಣು ನಿರೂಪಕಿಯರನ್ನು ಹೇಗೆ ಮಾರಬೇಕೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಬಹಳ ವರ್ಷಗಳ ಮೇಲೆ, 2022ರ ಜನವರಿಯಲ್ಲಿ, ಮರುಹುಟ್ಟು ಪಡೆದ ಎಕ್ಸ್-ಪ್ಲೇಯಲ್ಲಿ ಫ್ರಾಸ್ಕುರಿನ್ ಎಂದು ಹೆಸರಾದ ನಿರೂಪಕಿ ಇಂಡಿಯಾನಾ ಬ್ಲ್ಯಾಕ್ ಕ್ಯಾಮೆರಾ ದಿಟ್ಟಿಸಿ ಈ ಮಾತನ್ನು ನೇರವಾಗಿ ಆಡಿದರು: ನಾವು ಇಲ್ಲಿರುವುದು ನಿಮ್ಮ ಕಣ್ಣಿಗೆ ಹಬ್ಬ ಮಾಡಲು ಅಲ್ಲ ಎಂಬರ್ಥದಲ್ಲಿ. ಗೇಮರ್ ಗಂಡಸರಿಗೆ ಮಹಾ ಅವಮಾನವಾಯಿತು. ಪಾಪ, ಅವರು ಬರೀ ಆಟ ನೋಡಲು ಬಂದಿದ್ದರಂತೆ.

ಆ ಮರುಹುಟ್ಟಿನ ಕಥೆ ಚಿಕ್ಕದು. ಮೊದಲ ಜನ್ಮದಲ್ಲಿ ಜಿ4 ಚಾನೆಲ್ ಗೇಮರ್‌ಗಳಿಗಾಗಿಯೇ ಹುಟ್ಟಿತ್ತು. ವೀಕ್ಷಕರು ಸಾಲದೆ ಬಂದಾಗ ಪೊಲೀಸರು ಕಳ್ಳರ ಹಿಂದೆ ಓಡುವ ಕಾಪ್ಸ್, ಸಂಗಾತಿಯ ಹಿಂದೆ ಪತ್ತೇದಾರ ಓಡುವ ಚೀಟರ್ಸ್, ಇವುಗಳ ಹಳೆಯ ಕಂತುಗಳನ್ನು ಹಗಲೂ ರಾತ್ರಿ ತುಂಬಿತು. ಗೇಮ್ ಚಾನೆಲ್ಲಿನಲ್ಲಿ ಗೇಮ್ ಹುಡುಕಲು ಭೂತಗನ್ನಡಿ ಬೇಕಾಯಿತು. ಸೆಸ್ಲರ್ 2012ರಲ್ಲಿ ಹೊರಬಂದರು, 2013ರ ಜನವರಿಯಲ್ಲಿ ಎಕ್ಸ್-ಪ್ಲೇ ನಿಂತಿತು, 2014ರ ಕೊನೆಯ ದಿನ ಚಾನೆಲ್ಲೇ ನಿಂತಿತು. 2021ರ ನವೆಂಬರಿನಲ್ಲಿ ಮತ್ತೆ ಎಬ್ಬಿಸಿದರು. ಸೆಸ್ಲರ್ ಬಂದರು, ವೆಬ್ ಬರಲಿಲ್ಲ. ಹನ್ನೊಂದು ತಿಂಗಳು ನಡೆಯಿತು. 2022ರ ಅಕ್ಟೋಬರಿನ ಒಂದು ಭಾನುವಾರ ಸಿಬ್ಬಂದಿಗೆ ಪತ್ರ ಹೋಯಿತು: ನೋಡುವವರು ಕಡಿಮೆ, ಲೆಕ್ಕ ಕೂಡುತ್ತಿಲ್ಲ, ಬಾಗಿಲು ಮುಚ್ಚಿದ್ದೇವೆ. ಅಂಕ ಎಂಬುದು ಒಂದು ದಿನ ತಮ್ಮ ಕಡೆಗೂ ತಿರುಗುತ್ತದೆ ಎಂಬುದು ಅವರಿಗೆ ತಿಳಿಯದ್ದೇನಲ್ಲ. ಟೀವಿಯವರಿಗೆ ಅದು ಹತ್ತಕ್ಕೂ ಅಲ್ಲ, ಐದಕ್ಕೂ ಅಲ್ಲ, ಟಿಆರ್‌ಪಿಗೆ.

ಇನ್ನು ನಮ್ಮ ಕಡೆ. ಕನ್ನಡದ ಟೀವಿಯಲ್ಲಿ ಗೇಮ್ ಬರುವುದು ಕ್ರೈಂ ಸುದ್ದಿಯಲ್ಲಿ ಮಾತ್ರ. ಹುಡುಗ ಮನೆಬಿಟ್ಟ, ಪಬ್‌ಜಿ. ಹುಡುಗ ಫೇಲಾದ, ಪಬ್‌ಜಿ. 2020ರಲ್ಲಿ ಕೇಂದ್ರ ಸರ್ಕಾರ ಆ ಮೊಬೈಲ್ ಆಟವನ್ನು ನಿಷೇಧಿಸಿದಾಗ ಸುದ್ದಿ ಚಾನೆಲ್ಲುಗಳಿಗೆ ಒಂದು ಖಾಯಂ ಆರೋಪಿಯೇ ಕೈತಪ್ಪಿತು. ಇಬ್ಬರು ಸೋಫಾದಲ್ಲಿ ಕೂತು ವಿಮರ್ಶೆ ಮಾಡುವ ಕಾರ್ಯಕ್ರಮ ನಮ್ಮಲ್ಲೂ ಪ್ರತಿದಿನ ಬೆಳಗ್ಗೆ ಇದೆ. ಆದರೆ ಅಲ್ಲಿ ಒಬ್ಬರು ಜ್ಯೋತಿಷಿ, ವಿಮರ್ಶೆಗೆ ಒಳಗಾಗುವುದು ಶನಿ. ಅಂಕಕ್ಕೆ ಹೆದರುವುದರಲ್ಲಿ ಮಾತ್ರ ನಾವು ಯಾರಿಗೂ ಕಡಿಮೆಯಿಲ್ಲ. ನಮ್ಮ ಕೆಲವು ಸಿನಿಮಾಗಳು ಕೋರ್ಟಿನ ಆದೇಶ ತಂದು, ಟಿಕೆಟ್ ಆ್ಯಪಿನಲ್ಲಿ ರೇಟಿಂಗ್ ಕಾಣದಂತೆಯೇ ಮಾಡಿಸಿಕೊಂಡಿವೆ. ದುಡ್ಡು ತೆಗೆದುಕೊಂಡು ಕೆಟ್ಟ ರೇಟಿಂಗ್ ಒತ್ತುವ ಗುಂಪುಗಳಿವೆ ಎಂಬುದು ಅವರ ವಾದ. ಇರಬಹುದು. ದುಡ್ಡು ತೆಗೆದುಕೊಂಡು ಒಳ್ಳೆಯ ರೇಟಿಂಗ್ ಒತ್ತುವವರ ವಿರುದ್ಧ ಯಾರೂ ಇನ್ನೂ ಕೋರ್ಟಿಗೆ ಹೋದಂತಿಲ್ಲ.

ಹಾಗಂತ ಗೇಮ್ ಲೋಕಕ್ಕೂ ನಮಗೂ ಸಂಬಂಧವೇ ಇಲ್ಲ ಎನ್ನಬೇಡಿ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರ್ಯಾಕ್ಟಿವ್ ಎಂಬ ಗೇಮ್ ಕಂಪನಿ ಶುರುಮಾಡಿದರು. ಫೋರ್ಜಾ ಎಂಬ ಕಾರ್ ರೇಸ್ ಆಟಗಳ ಸರಣಿಯಲ್ಲಿ ಪಳಪಳ ಹೊಳೆಯುವ ಕಾರುಗಳಲ್ಲಿ ಹಲವನ್ನು ಚಕ್ರ, ಹೆಡ್‌ಲೈಟು, ಒಳಗಿನ ಹೊಲಿಗೆ ಸಮೇತ ಇಲ್ಲಿನ ಕಲಾವಿದರು ಕಂಪ್ಯೂಟರಿನಲ್ಲಿ ಕಟ್ಟಿದರು. ಕಟ್ಟಿದವರು ಬಿಎಂಟಿಸಿ ಬಸ್ಸು ಹತ್ತಿ ಮನೆಗೆ ಹೋದರು. 2019ರಲ್ಲಿ ಆ ಕಂಪನಿಯನ್ನು ಜಿಟಿಎ ಖ್ಯಾತಿಯ ರಾಕ್‌ಸ್ಟಾರ್ ಕೊಂಡು, ಬೆಂಗಳೂರಿನಲ್ಲಿ ಮೊದಲೇ ಇದ್ದ ತನ್ನ ಸ್ಟುಡಿಯೊಗೆ ಸೇರಿಸಿಕೊಂಡಿತು. ಆ ಸ್ಟುಡಿಯೊ ಕೈ ಹಾಕಿದ ರೆಡ್ ಡೆಡ್ ರಿಡೆಂಪ್ಶನ್ 2 ಬಂದದ್ದು 2018ರಲ್ಲಿ. ಮುಗಿಸುವ ಹೊತ್ತಿಗೆ ತಾವು ಹಿರಿಯ ಬರಹಗಾರರು ವಾರಕ್ಕೆ ನೂರು ಗಂಟೆ ದುಡಿದೆವು ಎಂದು ರಾಕ್‌ಸ್ಟಾರ್‌ನ ಡ್ಯಾನ್ ಹೌಸರ್ ಹೇಳಿಕೊಂಡಿದ್ದರು. ಮೆಟಾಕ್ರಿಟಿಕ್ ಅದಕ್ಕೆ 97 ಬರೆದುಕೊಂಡಿತು. ವಿಮರ್ಶಕರು ಗ್ರಾಫಿಕ್ಸ್ ಅದ್ಭುತ ಎಂದರು. ಕುದುರೆಯ ಮೈಮೇಲಿನ ಕೆಸರಿನ ಬಗ್ಗೆ ಪ್ಯಾರಾಗಟ್ಟಲೆ ಬರೆದರು. ಆ ಕೆಸರು ಯಾರ ಕೈಯದು ಎಂದು ಕೇಳಿದವರು ಬಹಳ ಕಡಿಮೆ.

ಉತ್ತರ ಆಟದಲ್ಲೇ ಇದೆ. ಕಥೆ ಪೂರ್ತಿ ಮುಗಿಸಿದರೆ ಹೆಸರುಗಳ ಪಟ್ಟಿ ಓಡುತ್ತದೆ, ಬಹಳ ಹೊತ್ತು ಓಡುತ್ತದೆ. ಗೌಡರು, ರಾವ್‌ಗಳು, ಶೆಟ್ಟರು ಅಂಥ ಪಟ್ಟಿಗಳಲ್ಲಿ ಸಾಲುಸಾಲಾಗಿ ಸಿಗುತ್ತಾರೆ. ಮುಂದಿನ ಸಲ ಒಂದು ಆಟಕ್ಕೆ ಏಳು ಬಂತೆಂದು ಯಾರನ್ನಾದರೂ ಬೈಯುವ ಮುಂಚೆ ಅಲ್ಲಿಯವರೆಗೆ ಆಡಿ, ಸ್ಕಿಪ್ ಗುಂಡಿಯ ಮೇಲಿಂದ ಬೆರಳು ತೆಗೆಯಿರಿ. ಅಲ್ಲಿಗೆ ತಲುಪದವರು ವಿಮರ್ಶಕರನ್ನು ಬೈಯುವಂತಿಲ್ಲ.